ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕ್ ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಘಟ್ಟ ತಪ್ಪಿದ್ದಲ್ಲ. ಗೋವಾಕ್ಕೆ ಹೊರಟರೆ ಚೋರ್ಲಾ, ಸಾವಂತವಾಡಿಗೆ ಹೊರಟರೆ ಆಂಬೋಲಿ, ಕೊಲ್ಹಾಪುರದ ದಾರಿಯಲ್ಲಿ ವಂಟಮುರಿ, ತವಂದಿ. ಹಾಗಾಗಿ ಇಲ್ಲಿ ಇಬ್ಬರು ಕಾರುಪ್ರಿಯರು ಸೇರಿದರೆ ಮಾತು ಎಂಜಿನ್ನಿನಿಂದ ಶುರುವಾದರೂ ಬ್ರೇಕಿಗೆ ಬಂದು ನಿಲ್ಲುತ್ತದೆ. ಗ್ಯಾರೇಜುಗಳಲ್ಲಿ, ಇಲ್ಲಿನ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇತ್ ಅಂಗಡಿಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಕೊಟ್ಟಿದ್ದೇನೆ. ಎಂ.ಜಿ.ಬಿ., ಟ್ರಯಂಫ್ ಸ್ಪಿಟ್‌ಫೈರ್‌ನಂಥ ಇಂಗ್ಲಿಷ್ ಗಾಡಿಗಳು, ಓಟಕ್ಕೆಂದು ತಿದ್ದಿದ ಫಿಯೆಟ್ 1100 ಮತ್ತು ಪದ್ಮಿನಿ, ಸ್ಯಾನ್ ಸ್ಟಾರ್ಮ್, ಪಾಲಿಯೋ 1.6 ಇವೆಲ್ಲಕ್ಕೂ ಈ ಉತ್ತರಗಳು ಹೊಂದುತ್ತವೆ.

## ಮೊದಲು ತಿಳಿಯಬೇಕಾದದ್ದು

ಸರ್, ಎಂಜಿನ್ ಮಾಡಿಸಿ ಆಯಿತು. ಈಗ ಬ್ರೇಕ್ ದೊಡ್ಡದು ಮಾಡಿಸಬೇಕು. ಎಲ್ಲಿಂದ ಶುರು ಮಾಡಲಿ?

ಇರುವ ಬ್ರೇಕನ್ನು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ತರುವುದರಿಂದ ಶುರು ಮಾಡಿ. ಹಳೆಯ ಗಾಡಿಯ ಬ್ರೇಕ್ ದುರ್ಬಲ ಎಂದು ನನ್ನ ಬಳಿ ದೂರುವವರಲ್ಲಿ ಹೆಚ್ಚಿನವರ ಗಾಡಿಯಲ್ಲಿ ದೋಷ ಅಳತೆಯದಲ್ಲ, ವಯಸ್ಸಿನದು. ಚಕ್ರದೊಂದಿಗೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಶೂಗಳನ್ನು ಒತ್ತುವ ವೀಲ್ ಸಿಲಿಂಡರ್ ಸೋರಿ, ಶೂಗಳ ಮೇಲಿನ ಉಜ್ಜುವ ಪದರವಾದ ಲೈನರ್ ಒದ್ದೆಯಾಗಿರುತ್ತದೆ, ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅಮುಕಿ ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಅರ್ಧ ಮಾತ್ರ ಚಲಿಸುತ್ತದೆ, ರಬ್ಬರ್ ಹೋಸ್ ಒಳಗಿನಿಂದ ಉಬ್ಬಿರುತ್ತದೆ, ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿರುತ್ತದೆ.

ಎಂ.ಜಿ.ಬಿ. ಮತ್ತು ಸ್ಪಿಟ್‌ಫೈರ್ ಎರಡೂ 1962ರಲ್ಲೇ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇಟ್ಟುಕೊಂಡು ಬಂದವು. ಒಂದು ಟನ್ನಿಗಿಂತ ಹಗುರವಾದ ಗಾಡಿಗೆ, ಎಲ್ಲ ಭಾಗಗಳೂ ಸರಿಯಿದ್ದರೆ, ಅದು ಕಡಿಮೆಯಲ್ಲ. ನನ್ನ ಕ್ರಮ ಹೀಗೆ: ಮೊದಲು ಸಿಲಿಂಡರ್, ಹೋಸ್, ಪೈಪ್, ಆಯಿಲ್, ಆಮೇಲೆ ಟೈರ್, ಆಮೇಲೆ ಒಳ್ಳೆಯ ಪ್ಯಾಡ್ ಮತ್ತು ಲೈನರ್. ಇಷ್ಟಾದ ಮೇಲೆ ಅದೇ ಘಟ್ಟವನ್ನು ಇನ್ನೊಮ್ಮೆ ಇಳಿದು ನೋಡಿ. ಆಗಲೂ ಕೊರತೆ ಕಂಡರೆ ದೊಡ್ಡ ಡಿಸ್ಕಿನ ಮಾತು ಬರಲಿ. ಸೋರುವ ಸಿಲಿಂಡರಿನ ಮುಂದೆ ದುಬಾರಿ ಕ್ಯಾಲಿಪರ್ ಕೂರಿಸಿದರೆ ದುಡ್ಡೂ ಹೋಗುತ್ತದೆ, ಅಪಾಯವೂ ಉಳಿಯುತ್ತದೆ.

ಹೊಸ ಕಾರಿನಿಂದ ಇಳಿದು ಇದರಲ್ಲಿ ಕೂತರೆ ಭಯವಾಗುತ್ತದೆ. ಪೆಡಲ್ ಮೇಲೆ ನಿಂತಂತೆ ಒತ್ತಬೇಕು. ಹಳೆಯ ಬ್ರೇಕ್ ಎಂದರೆ ಹೀಗೆಯೇ?

ಪೆಡಲ್ ಗಟ್ಟಿಯಾಗಿರುವುದು ಬೇರೆ, ಗಾಡಿ ನಿಲ್ಲದಿರುವುದು ಬೇರೆ. ಈಗಿನ ಕಾರುಗಳಲ್ಲಿ ವ್ಯಾಕ್ಯೂಮ್ ಬೂಸ್ಟರ್ ಇರುತ್ತದೆ. ಕಾಲಿನ ಬಲಕ್ಕೆ ಅದು ತನ್ನ ಬಲ ಸೇರಿಸುತ್ತದೆ. ಹಳೆಯ ಗಾಡಿಗಳಲ್ಲಿ ಹಲವಕ್ಕೆ ಬೂಸ್ಟರ್ ಇಲ್ಲ, ಹಾಗಾಗಿ ಪೂರ್ತಿ ಬಲ ನಿಮ್ಮದೇ.

ಖಾಲಿ, ಒಣ, ಸಮತಟ್ಟಾದ ಜಾಗದಲ್ಲಿ 40 ಕಿ.ಮೀ. ವೇಗದಿಂದ ಬಲವಾಗಿ ಒತ್ತಿ ನೋಡಿ. ಚಕ್ರ ಲಾಕ್ ಆಗುವಷ್ಟು ಶಕ್ತಿ ಬ್ರೇಕಿಗಿದ್ದರೆ, ಆ ಒಂದು ನಿಲುಗಡೆಗೆ ಬೇಕಾದ ಬ್ರೇಕ್ ನಿಮ್ಮಲ್ಲಿದೆ. ಅಲ್ಲಿಂದ ಮುಂದೆ ದೂರವನ್ನು ತೀರ್ಮಾನಿಸುವುದು ಟೈರು. 80 ಕಿ.ಮೀ. ವೇಗದಲ್ಲಿ, ಹಿಡಿತದ ಗುಣಾಂಕ (ಟೈರು ರಸ್ತೆಯನ್ನು ಕಚ್ಚುವ ಪ್ರಮಾಣ) 0.8 ಇರುವ ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಕ್ಷಣದಿಂದ ಗಾಡಿ ನಿಲ್ಲಲು ಸುಮಾರು 31 ಮೀಟರ್ ಬೇಕು. ಮಳೆಯಲ್ಲಿ ಅದೇ ಗುಣಾಂಕ 0.5ಕ್ಕೆ ಇಳಿದರೆ 50 ಮೀಟರ್. ಯಾವ ಡಿಸ್ಕೂ ಈ ಲೆಕ್ಕವನ್ನು ಬದಲಿಸಲಾರದು. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಗುರುತಿದೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಶೆಡ್ಡಿನಲ್ಲಿ ನಿಂತ ಗಾಡಿಯ ಟೈರಿನಲ್ಲಿ ಗೆರೆ ಆಳವಾಗಿಯೇ ಕಾಣುತ್ತದೆ, ಆದರೆ ಹತ್ತು ವರ್ಷ ಕಳೆದ ರಬ್ಬರ್ ಗಟ್ಟಿಯಾಗಿರುತ್ತದೆ. ಅಂಥ ಟೈರನ್ನು ಮೊದಲು ಬದಲಿಸಿ.

ಅಂಗಡಿಯಲ್ಲಿ ಬ್ರೇಕ್ ಆಯಿಲ್ ಡಾಟ್ 3, 4, 5 ಎಲ್ಲ ದರ್ಜೆಯದೂ ಇದೆ. 5 ಎಂದರೆ ಎಲ್ಲಕ್ಕಿಂತ ಒಳ್ಳೆಯದು ಎನ್ನುತ್ತಾರೆ. ಹಾಕಲೇ?

ಬೇಡ. ಡಾಟ್ 4 ಹಾಕಿ. ಡಾಟ್ 3, 4 ಮತ್ತು 5.1 ಗ್ಲೈಕಾಲ್ ಜಾತಿಯವು, ಡಾಟ್ 5 ಸಿಲಿಕೋನ್. ಎರಡನ್ನೂ ಬೆರೆಸಬಾರದು. ಸಿಲಿಕೋನ್ ಹಾಕಬೇಕಾದರೆ ಇಡೀ ವ್ಯವಸ್ಥೆಯನ್ನು ಬಿಚ್ಚಿ, ಒಣಗಿಸಿ, ರಬ್ಬರುಗಳನ್ನೆಲ್ಲ ಬದಲಿಸಬೇಕು. ಅದು ಬಣ್ಣ ತಿನ್ನುವುದಿಲ್ಲ ಎಂಬ ಕಾರಣಕ್ಕೆ ಪ್ರದರ್ಶನದ ಗಾಡಿಯವರು ಇಷ್ಟಪಡುತ್ತಾರೆ. ಓಡಿಸುವವರಿಗೆ ಪೆಡಲ್ ಸ್ವಲ್ಪ ಮೆತ್ತಗಾದಂತೆ ತೋರಬಹುದು.

ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಆದರೆ ಗ್ಲೈಕಾಲ್ ಗಾಳಿಯಿಂದ ನೀರನ್ನು ಹೀರುತ್ತದೆ. ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಡಿಗ್ರಿ. ನಮ್ಮ ಮಳೆಗಾಲದ ತೇವಕ್ಕೆ ಇದು ಬೇಗ ಆಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮುಚ್ಚಳ ತೆರೆದು ವರ್ಷವಾದ ಡಬ್ಬಿಯ ಆಯಿಲನ್ನು ಹಾಕಬೇಡಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಸುಧಾರಣೆ ಬ್ರೇಕಿನಲ್ಲಿ ಇನ್ನೊಂದಿಲ್ಲ.

ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸಿದ್ದೆ. ಖಂಡೇನವಮಿ ಪೂಜೆಗೆ ಹೊರಗೆ ತೆಗೆಯಲು ಹೋದರೆ ಹಿಂದಿನ ಚಕ್ರ ತಿರುಗುತ್ತಿಲ್ಲ. ಏನು ಮಾಡಲಿ?

ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರೆ ಲೈನರ್ ಡ್ರಮ್ಮಿಗೆ ಅಂಟಿರುತ್ತದೆ. ಎಂಜಿನ್ ಬಲದಿಂದ ಎಳೆಯಬೇಡಿ, ಲೈನರ್ ಕಿತ್ತು ಬರುತ್ತದೆ. ಜಾಕ್ ಹಾಕಿ, ಸ್ಟ್ಯಾಂಡ್ ಇಟ್ಟು, ಹ್ಯಾಂಡ್ ಬ್ರೇಕ್ ಸಡಿಲಿಸಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಬಿಟ್ಟ ಮೇಲೆ ಡ್ರಮ್ ತೆಗೆದು ತುಕ್ಕು ಒರೆಸಿ, ಸಿಲಿಂಡರ್ ಸೋರಿದೆಯೇ ನೋಡಿ. ಮುಂದಿನ ಮಳೆಗಾಲದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ಗುಟ್ಟ ಕೊಡಿ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಹಳೆಯ ಲೈನರ್ ಮತ್ತು ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಡ್ರಮ್ಮಿನೊಳಗಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದುವ ಅಭ್ಯಾಸ ಗ್ಯಾರೇಜುಗಳಲ್ಲಿ ಇನ್ನೂ ಇದೆ. ದಯವಿಟ್ಟು ಊದಿಸಬೇಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮಿಸ್ತ್ರಿಯ ಪಕ್ಕದಲ್ಲಿ ಕೆಲಸ ಕಲಿಯುವ ಹುಡುಗನಿಗೆ ಮಾಸ್ಕ್ ಕೊಡಿಸುವುದು ಗಾಡಿ ಮಾಲೀಕನ ಕರ್ತವ್ಯ ಎಂದೇ ನಾನು ತಿಳಿದಿದ್ದೇನೆ.

ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಅಲೈನ್‌ಮೆಂಟ್ ಮಾಡಿಸಿದರೂ ಹೋಗಲಿಲ್ಲ.

ಎಡಕ್ಕೆ ಎಳೆದರೆ ಬಲಗಡೆಯ ಮುಂದಿನ ಬ್ರೇಕನ್ನು ಮೊದಲು ಅನುಮಾನಿಸಿ. ಅದು ಕಡಿಮೆ ಹಿಡಿಯುತ್ತಿದೆ. ಪಿಸ್ಟನ್ ಸಿಕ್ಕಿರಬಹುದು, ಪ್ಯಾಡಿಗೆ ಗ್ರೀಸ್ ತಾಗಿರಬಹುದು, ಹೋಸ್ ಒಳಗೆ ಮುಚ್ಚಿರಬಹುದು. ಬ್ರೇಕ್ ಬಿಟ್ಟ ಮೇಲೂ ಎಳೆತ ಉಳಿದರೆ ಎಡಗಡೆಯ ಹೋಸ್ ಒಳಗೆ ಉಬ್ಬಿ, ಹೋದ ಆಯಿಲನ್ನು ಹಿಂದಕ್ಕೆ ಬಿಡುತ್ತಿಲ್ಲ. ಹೊರಗಿನಿಂದ ನೋಡಿದರೆ ಆ ಹೋಸ್ ಚೆನ್ನಾಗಿಯೇ ಕಾಣುತ್ತದೆ. ಹೋಸುಗಳನ್ನು ಯಾವಾಗಲೂ ಜೊತೆಯಾಗಿ ಬದಲಿಸಿ.

## ಘಟ್ಟ, ಬಿಸಿ, ಪ್ಯಾಡ್

ಚೋರ್ಲಾ ಇಳಿಯುವಾಗ ಸುಟ್ಟ ವಾಸನೆ ಬಂತು, ಆಮೇಲೆ ಬ್ರೇಕೇ ಹಿಡಿಯಲಿಲ್ಲ. ತಣ್ಣಗಾದ ಮೇಲೆ ಮತ್ತೆ ಸರಿಯಾಯಿತು. ಏನಾಗಿತ್ತು?

ಆಗ ಪೆಡಲ್ ಹೇಗಿತ್ತು ಎಂಬುದನ್ನು ನೆನಪಿಸಿಕೊಳ್ಳಿ, ಉತ್ತರ ಅದರಲ್ಲಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಅಥವಾ ಲೈನರ್ ಬಿಸಿಗೆ ಸೋತಿದೆ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗಿದ್ದರೆ ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿದೆ. ಆವಿಯನ್ನು ಒತ್ತಿದರೆ ಅದೇ ಕುಗ್ಗುತ್ತದೆ, ಒತ್ತಡ ಕ್ಯಾಲಿಪರಿಗೆ ಮುಟ್ಟುವುದಿಲ್ಲ. ಮೊದಲನೆಯದಕ್ಕೆ ಬಿಸಿ ತಾಳುವ ಪ್ಯಾಡ್, ಎರಡನೆಯದಕ್ಕೆ ಹೊಸ ಆಯಿಲ್.

ಬ್ರೇಕಿನ ಕೆಲಸ ಚಲನೆಯ ಶಕ್ತಿಯನ್ನು ಬಿಸಿ ಮಾಡಿ ಗಾಳಿಗೆ ಬಿಡುವುದು. 1,000 ಕಿ.ಗ್ರಾಂ. ತೂಕದ ಗಾಡಿಯನ್ನು 100 ಕಿ.ಮೀ. ವೇಗದಿಂದ ನಿಲ್ಲಿಸಿದರೆ ಸುಮಾರು 386 ಕಿಲೋಜೂಲ್ ಬಿಸಿ ಹುಟ್ಟುತ್ತದೆ. ಅದೇ ಗಾಡಿ 600 ಮೀಟರ್ ಎತ್ತರ ಇಳಿದರೆ ಕಳೆಯಬೇಕಾದ ಶಕ್ತಿ ಸುಮಾರು 5,900 ಕಿಲೋಜೂಲ್. ಅಂದರೆ 100 ಕಿ.ಮೀ. ವೇಗದಿಂದ ಹದಿನೈದು ಸಲ ಬೆನ್ನುಬೆನ್ನಿಗೆ ನಿಂತಷ್ಟು. ಚೋರ್ಲಾಕ್ಕೆ ಹೋಗುವಾಗ ಜಾಂಬೋಟಿ, ಕಣಕುಂಬಿ ದಾಟುವವರೆಗೂ ದಾರಿ ಮೇಲೆಯೇ ಇರುತ್ತದೆ. ಆಮೇಲೆ ಗೋವಾದ ಕೇರಿಯವರೆಗೆ ಆ ಎತ್ತರವೆಲ್ಲ ಕೆಲವೇ ಕಿ.ಮೀ. ತಿರುವುಗಳಲ್ಲಿ ಕರಗುತ್ತದೆ. ಗಾಳಿಯ ತಡೆ ಮತ್ತು ಟೈರಿನ ಉರುಳು ಸ್ವಲ್ಪ ಪಾಲು ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಬ್ರೇಕ್ ಮತ್ತು ಎಂಜಿನ್ ಹಂಚಿಕೊಳ್ಳಬೇಕು.

ಆದ್ದರಿಂದ ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಪೆಡಲ್ ಮೇಲೆ ಕಾಲಿಟ್ಟು ಸವರುತ್ತಾ ಇಳಿಯಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ನ್ಯೂಟ್ರಲ್ ಮಾಡುವುದು, ಪೆಟ್ರೋಲ್ ಉಳಿಸಲು ಎಂಜಿನ್ ಆರಿಸುವುದು ಪ್ರಾಣಕ್ಕೆ ಎರವಾಗುವ ಕೆಲಸ. ಎಂಜಿನ್ ಆರಿದರೆ ಬೂಸ್ಟರ್ ಇರುವ ಗಾಡಿಯಲ್ಲಿ ಎರಡು ಮೂರು ಒತ್ತಿನ ನಂತರ ಆ ನೆರವೂ ಹೋಗುತ್ತದೆ.

ರೇಸಿಂಗ್ ಪ್ಯಾಡ್ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಿದ್ದಾರೆ. ಊರಲ್ಲಿ ಓಡಿಸಲು ಹಾಕಬಹುದೇ?

ಹಾಕಬೇಡಿ. ಓಟದ ಪ್ಯಾಡ್ ಬಿಸಿಯಾದ ಮೇಲೆ ಹಿಡಿಯುವಂತೆ ಮಾಡಿದ್ದು. ಬೆಳಗಿನ ಚಳಿಯಲ್ಲಿ ಕಾಂಗ್ರೆಸ್ ರಸ್ತೆಯಲ್ಲಿ ಯಾರೋ ಅಡ್ಡ ಬಂದರೆ ಅದು ಹಿಡಿಯುವಷ್ಟು ಬಿಸಿಯಾಗಿರುವುದಿಲ್ಲ. ಜೊತೆಗೆ ಡಿಸ್ಕನ್ನು ಬೇಗ ಸವೆಸುತ್ತದೆ, ಕಿರುಚುತ್ತದೆ.

ಹಲವು ಪ್ಯಾಡುಗಳ ಅಂಚಿನಲ್ಲಿ ಎರಡು ಅಕ್ಷರಗಳ ಗುರುತು ಇರುತ್ತದೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೆಯದು ಹೆಚ್ಚು ಬಿಸಿಯಲ್ಲಿನದು. ‘ಇ’ ಎಂದರೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ರಸ್ತೆಯ ಗಾಡಿಗೆ ‘ಎಫ್‌ಎಫ್’ ಅಥವಾ ‘ಜಿಜಿ’ ಇದ್ದರೆ ಚೆನ್ನ. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಅದು ಘಟ್ಟದಲ್ಲಿ ಸೋಲುವ ಪ್ಯಾಡ್.

ತೂತು ಇರುವ ಡಿಸ್ಕ್ ಹಾಕಿದರೆ ಬೇಗ ತಣ್ಣಗಾಗುತ್ತದೆ ಅಲ್ಲವೇ?

ರಸ್ತೆಯ ಗಾಡಿಗೆ ಅದರಿಂದ ಹೇಳಿಕೊಳ್ಳುವ ಲಾಭವಿಲ್ಲ. ತೂತಿನ ಅಂಚಿನಿಂದ ಬಿರುಕು ಶುರುವಾಗುತ್ತದೆ, ಜೊತೆಗೆ ಬಿಸಿ ಹಿಡಿದಿಡುವ ಕಬ್ಬಿಣವೇ ಕಡಿಮೆಯಾಗುತ್ತದೆ. ನಡುವೆ ಗಾಳಿ ಹಾಯುವ ಎರಡು ಪದರದ ಡಿಸ್ಕ್ ಸಿಕ್ಕರೆ ಅದು ನಿಜವಾದ ಸುಧಾರಣೆ. ಲೇತ್ ಅಂಗಡಿಯಲ್ಲಿ ಸಾಧಾರಣ ಡಿಸ್ಕಿಗೆ ತೂತು ಕೊರೆಸುವುದನ್ನಂತೂ ಮಾಡಲೇಬೇಡಿ.

## ನಮ್ಮೂರ ಕಾರ್ಖಾನೆಗಳ ನೆರವು

ಉದ್ಯಮಬಾಗದಲ್ಲಿ ಎಂಥ ಒತ್ತಡದ ಹೈಡ್ರಾಲಿಕ್ ಹೋಸನ್ನಾದರೂ ಗಂಟೆಯೊಳಗೆ ಮಾಡಿಕೊಡುತ್ತಾರೆ. ಬ್ರೇಕಿಗೆ ಅದನ್ನೇ ಏಕೆ ಹಾಕಬಾರದು?

ನನಗೆ ಹೆಚ್ಚು ಆತಂಕ ತರುವ ಪ್ರಶ್ನೆ ಇದು, ಏಕೆಂದರೆ ಕೇಳುವವರ ತರ್ಕ ಸರಿಯಾಗಿಯೇ ಇದೆ. ಬೆಳಗಾವಿ ಹೈಡ್ರಾಲಿಕ್ ಉದ್ಯಮಕ್ಕೆ ಹೆಸರಾದ ಊರು. ಇಲ್ಲಿನ ಹೋಸುಗಳು ಬ್ರೇಕಿನ ಒತ್ತಡಕ್ಕಿಂತ ಎಷ್ಟೋ ಹೆಚ್ಚು ಒತ್ತಡ ತಾಳುತ್ತವೆ. ಆದರೆ ತೊಂದರೆ ಒತ್ತಡದ್ದಲ್ಲ, ರಬ್ಬರಿನದು.

ಯಂತ್ರಗಳ ಹೈಡ್ರಾಲಿಕ್ ಎಣ್ಣೆ ಖನಿಜ ಎಣ್ಣೆ; ಅದಕ್ಕೆ ಹೊಂದುವುದು ನೈಟ್ರೈಲ್ ರಬ್ಬರ್. ಬ್ರೇಕಿನ ಗ್ಲೈಕಾಲ್ ದ್ರವಕ್ಕೆ ಹೊಂದುವುದು ಇ.ಪಿ.ಡಿ.ಎಂ. ರಬ್ಬರ್. ನೈಟ್ರೈಲ್ ಹೋಸಿನಲ್ಲಿ ಬ್ರೇಕ್ ದ್ರವ ಹಾಕಿದರೆ ಒಳಪದರ ಉಬ್ಬಿ, ಮೆತ್ತಗಾಗಿ, ಚೂರುಚೂರಾಗಿ ಕಿತ್ತು ಬರುತ್ತದೆ. ತಿರುವುಮುರುವು ಮಾಡಿದರೂ ಕಷ್ಟವೇ: ಬ್ರೇಕ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ಕೂರಿಸುವಾಗ ಗ್ರೀಸ್ ಅಥವಾ ಎಂಜಿನ್ ಆಯಿಲ್ ಸವರಿದರೆ ಇ.ಪಿ.ಡಿ.ಎಂ. ಕಪ್ ಊದಿಕೊಂಡು ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಳತೆ ಹೊಂದಿತೆಂದು ಹೈಡ್ರಾಲಿಕ್ ಅಂಗಡಿಯ ಓ-ರಿಂಗನ್ನು ಕ್ಯಾಲಿಪರಿಗೆ ಹಾಕುವುದೂ ಇದೇ ಜಾತಿಯ ಅಪಾಯ. ಈ ಹಾನಿ ಮೊದಲ ದಿನ ಕಾಣುವುದಿಲ್ಲ. ಗಾಡಿ ಚೆನ್ನಾಗಿ ನಿಲ್ಲುತ್ತದೆ, ಪೆಡಲ್ ಗಟ್ಟಿಯಾಗಿರುತ್ತದೆ, ಮಾಲೀಕನಿಗೆ ಸಂತೋಷವಾಗುತ್ತದೆ. ಕೆಲವು ವಾರಗಳ ನಂತರ, ಬ್ರೇಕ್ ಬಿಸಿಯಾದ ಒಂದು ದಿನ, ಕಿತ್ತ ರಬ್ಬರ್ ದಾರಿಯನ್ನು ಮುಚ್ಚುತ್ತದೆ.

ಬ್ರೇಕಿಗೆಂದೇ ತಯಾರಾದ ರಬ್ಬರ್ ಹೋಸ್ ಕೊಳ್ಳಿ, ಇಲ್ಲವೇ ಒಳಗೆ ಟೆಫ್ಲಾನ್, ಹೊರಗೆ ಸ್ಟೇನ್‌ಲೆಸ್ ಹೆಣಿಗೆ ಇರುವ ಬ್ರೇಕ್ ಹೋಸ್ ತರಿಸಿ. ಎರಡನೆಯದು ಒತ್ತಡಕ್ಕೆ ಕಡಿಮೆ ಹಿಗ್ಗುವುದರಿಂದ ಪೆಡಲ್ ಚುರುಕಾಗುತ್ತದೆ.

ಫ್ರಿಜ್ ರಿಪೇರಿಯವರ ತಾಮ್ರದ ಪೈಪ್ ಸುಲಭವಾಗಿ ಬಾಗುತ್ತದೆ. ಲೈನಿಗೆ ಅದನ್ನು ಬಳಸಿದರೆ?

ಬಳಸಬೇಡಿ. ಬರಿಯ ತಾಮ್ರ ಗಾಡಿಯ ನಡುಕಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ಲೇಪನವಿರುವ ಉಕ್ಕಿನ ಬ್ರೇಕ್ ಪೈಪ್, ಇಲ್ಲವೇ ಸುಮಾರು ಶೇ. 10 ನಿಕ್ಕಲ್ ಸೇರಿದ ತಾಮ್ರದ ಬ್ರೇಕ್ ಪೈಪ್ ಹಾಕಿ. ಹೊರ ವ್ಯಾಸ ಹೆಚ್ಚಿನ ಗಾಡಿಗಳಲ್ಲಿ 4.75 ಮಿ.ಮೀ. ತುದಿಯನ್ನು ಒಂದೇ ಮಡಿಕೆಯಲ್ಲಿ ಅರಳಿಸದೆ ಎರಡು ಮಡಿಕೆಯಲ್ಲಿ ಅರಳಿಸಬೇಕು. ಇಂಗ್ಲಿಷ್ ಗಾಡಿಯ ಇಂಚಿನ ನಟ್ಟಿಗೂ ಈಗಿನ ಮಿಲಿಮೀಟರ್ ನಟ್ಟಿಗೂ ಮರೆ (ಥ್ರೆಡ್) ಬೇರೆ. ಬಲವಂತವಾಗಿ ತಿರುಗಿಸಿದರೆ ಕೂತಂತೆ ತೋರಿ ಒತ್ತಡಕ್ಕೆ ಕಿತ್ತು ಬರುತ್ತದೆ.

ನಮ್ಮಲ್ಲೇ ಇಷ್ಟೊಂದು ಫೌಂಡ್ರಿಗಳಿವೆ. ಸಿಗದ ಡಿಸ್ಕನ್ನು ಎರಕ ಹೊಯ್ಸಬಹುದಲ್ಲವೇ?

ಬೆಳಗಾವಿ, ಕೊಲ್ಹಾಪುರಗಳ ಫೌಂಡ್ರಿಗಳಿಗೆ ಆ ಸಾಮರ್ಥ್ಯ ಖಂಡಿತ ಇದೆ. ಡಿಸ್ಕಿಗೆ ಬೇಕಾದದ್ದು ಬೂದು ಎರಕದ ಕಬ್ಬಿಣ, ಐ.ಎಸ್. 210 ಎಂಬ ಭಾರತೀಯ ಮಾನದಂಡದ ಲೆಕ್ಕದಲ್ಲಿ ಎಫ್‌ಜಿ 200 ಅಥವಾ 220ರ ಆಸುಪಾಸಿನದು. ಅದರೊಳಗಿನ ಗ್ರಾಫೈಟ್ ಪದರಗಳು ಬಿಸಿಯನ್ನು ಬೇಗ ಹರಡುತ್ತವೆ, ಕಂಪನವನ್ನು ನುಂಗುತ್ತವೆ. ಇನ್ನೂ ಗಟ್ಟಿಯಾಗಲಿ ಎಂದು ಗ್ರಾಫೈಟ್ ಪದರದ ಬದಲು ಉಂಡೆಯಾಗಿರುವ ಎಸ್‌ಜಿ ಕಬ್ಬಿಣದಲ್ಲಿ ಮಾಡಿಸಲು ಹೊರಡುವವರಿದ್ದಾರೆ. ಅದು ಬಲದಲ್ಲಿ ಮೇಲು, ಬಿಸಿ ಸಾಗಿಸುವುದರಲ್ಲಿ ಕೆಳಗು.

ಆದರೆ ಒಂದು ಗಾಡಿಗೆ ಎರಡು ಡಿಸ್ಕ್ ಹೊಯ್ಸುವುದು ಜಾಣತನವಲ್ಲ. ಪ್ಯಾಟರ್ನ್, ರಾಸಾಯನಿಕ ಪರೀಕ್ಷೆ, ಗಡಸುತನದ ಪರೀಕ್ಷೆ, ಒಳಗಿನ ಬಿಗಿತ ತೆಗೆಯುವ ಕಾಯಿಸುವಿಕೆ, ಬ್ಯಾಲೆನ್ಸ್ ಇವಿಷ್ಟನ್ನೂ ಎರಡು ತುಂಡಿಗಾಗಿ ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಉತ್ತಮ ದಾರಿ ಬೇರೆ ಇದೆ: ಈಗ ಮಾರುಕಟ್ಟೆಯಲ್ಲಿರುವ ಯಾವುದಾದರೂ ಕಾರಿನ, ವ್ಯಾಸ ಮತ್ತು ಎತ್ತರ ಹೊಂದುವ ಡಿಸ್ಕ್ ಹುಡುಕಿ, ಅದರ ನಡುವಿನ ರಂಧ್ರವನ್ನೂ ಬೋಲ್ಟ್ ತೂತುಗಳನ್ನೂ ನಿಮ್ಮ ಹಬ್ಬಿಗೆ ತಕ್ಕಂತೆ ಲೇತಿನಲ್ಲಿ ಮಾಡಿಸಿ. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ. ಅಂಚಿನ ಓಲಾಟ 0.1 ಮಿ.ಮೀ. ಮೀರಬಾರದು, 0.05ರೊಳಗೆ ಇದ್ದರೆ ಒಳ್ಳೆಯದು. ಕ್ಯಾಲಿಪರ್ ಹಿಡಿಯುವ ಬ್ರಾಕೆಟ್ಟನ್ನು 10ರಿಂದ 12 ಮಿ.ಮೀ. ಉಕ್ಕಿನ ತಗಡಿನಲ್ಲಿ ಕತ್ತರಿಸಿ, 10.9 ದರ್ಜೆಯ ಬೋಲ್ಟಿನಿಂದ ಬಿಗಿಯಿರಿ. ಚಕ್ರದ ಸ್ಟಬ್ ಆಕ್ಸೆಲ್ಲಿಗೆ ಬ್ರಾಕೆಟ್ಟನ್ನು ವೆಲ್ಡ್ ಮಾಡಿಸಬೇಡಿ.

ಡ್ರಮ್ ಒಳಗೆ ಗೆರೆ ಬಿದ್ದಿದೆ. ಎಷ್ಟು ಸಲ ಲೇತಿಗೆ ಹಾಕಬಹುದು?

ಸಲಗಳ ಲೆಕ್ಕ ಬೇಡ, ವ್ಯಾಸದ ಲೆಕ್ಕ ಇಡಿ. ಹಲವು ಡ್ರಮ್ಮುಗಳ ಮೇಲೆ ಗರಿಷ್ಠ ಒಳವ್ಯಾಸ ಕೊರೆದಿರುತ್ತದೆ. ಅದನ್ನು ದಾಟಿದ ಡ್ರಮ್ ಗುಜರಿಗೆ. ಒಂದೇ ಆಕ್ಸೆಲ್ಲಿನ ಎರಡನ್ನೂ ಒಂದೇ ವ್ಯಾಸಕ್ಕೆ ತನ್ನಿ, ಹೊಸ ಲೈನರನ್ನು ಆ ದುಂಡಿಗೆ ಉಜ್ಜಿಸಿ ಕೂರಿಸಿ.

## ದೊಡ್ಡ ಬದಲಾವಣೆಗಳು

ನನ್ನದು ಪದ್ಮಿನಿ, ನಾಲ್ಕೂ ಡ್ರಮ್. ಮುಂದೆ ಡಿಸ್ಕ್ ಹಾಕಿಸಿದೆ, ಆದರೆ ಮೊದಲಿಗಿಂತ ಹೆಚ್ಚು ಒತ್ತಬೇಕಾಗಿದೆ, ಬಿಟ್ಟ ಮೇಲೂ ಹಿಡಿದೇ ಇರುತ್ತದೆ. ಏಕೆ?

ಎರಡು ತೊಂದರೆ, ಎರಡು ಕಾರಣ. ಡ್ರಮ್ಮಿನಲ್ಲಿ ಮುಂಚೂಣಿಯ ಶೂವನ್ನು ತಿರುಗುವ ಡ್ರಮ್ಮೇ ತನ್ನತ್ತ ಎಳೆದುಕೊಳ್ಳುತ್ತದೆ, ಹಾಗಾಗಿ ಕಡಿಮೆ ಒತ್ತಡ ಸಾಕಾಗುತ್ತದೆ. ಡಿಸ್ಕಿನಲ್ಲಿ ಆ ಸಹಾಯವಿಲ್ಲ; ಎಲ್ಲ ಬಲವೂ ಒತ್ತಡದಿಂದಲೇ ಬರಬೇಕು. ಅದಕ್ಕೇ ಡಿಸ್ಕ್ ಹಾಕಿದ ಗಾಡಿಗೆ ಬೂಸ್ಟರ್ ಬೇಕೆನಿಸುತ್ತದೆ.

ಹಿಡಿದೇ ಇರುವುದಕ್ಕೆ ಕಾರಣ ಡ್ರಮ್ ಗಾಡಿಯ ಮಾಸ್ಟರ್ ಸಿಲಿಂಡರಿನಲ್ಲಿ (ಪೆಡಲ್ ಒತ್ತಿದಾಗ ಆಯಿಲನ್ನು ಲೈನಿಗೆ ತಳ್ಳುವ ಸಿಲಿಂಡರ್) ಇರಬಹುದಾದ ಸಣ್ಣ ವಾಲ್ವ್. ಪೆಡಲ್ ಬಿಟ್ಟ ಮೇಲೂ ಅದು ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುತ್ತದೆ. ಡ್ರಮ್ಮಿಗೆ ಅದು ಒಳ್ಳೆಯದು, ಶೂವಿನ ಸ್ಪ್ರಿಂಗ್ ಅದನ್ನು ಗೆಲ್ಲುತ್ತದೆ. ಕ್ಯಾಲಿಪರಿನಲ್ಲಿ ಸ್ಪ್ರಿಂಗ್ ಇಲ್ಲ, ಹಾಗಾಗಿ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಮುಂದಿನ ಲೈನಿಗೆ ಆ ವಾಲ್ವ್ ಇರದ, ಡಿಸ್ಕ್ ಮತ್ತು ಡ್ರಮ್ ಎರಡಕ್ಕೂ ತಯಾರಾದ ಮಾಸ್ಟರ್ ಸಿಲಿಂಡರ್ ಹಾಕಿಸಿ. ಕ್ಯಾಲಿಪರ್ ಹೆಚ್ಚು ಆಯಿಲ್ ಕೇಳುವುದರಿಂದ ದೊಡ್ಡ ಡಬ್ಬಿಯೂ ಬೇಕು.

ಹಿಂದೆಯೂ ಡಿಸ್ಕ್ ಹಾಕಿಸಲೇ? ನೋಡಲು ಚೆನ್ನಾಗಿರುತ್ತದೆ.

ನೋಟಕ್ಕಾಗಿ ಬೇಡ. ಬ್ರೇಕ್ ಒತ್ತಿದಾಗ ತೂಕ ಮುಂದಕ್ಕೆ ವಾಲುತ್ತದೆ. 900 ಕಿ.ಗ್ರಾಂ. ಗಾಡಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.3 ಮೀಟರ್, ಭಾರಕೇಂದ್ರ ಅರ್ಧ ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. 0.8 ಜಿ ಬಲದಲ್ಲಿ (ಗುರುತ್ವದ 0.8 ಪಟ್ಟು) ನಿಲ್ಲಿಸಿದರೆ ಸುಮಾರು 156 ಕಿ.ಗ್ರಾಂ. ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ನಿಂತಾಗ 450–450 ಇದ್ದದ್ದು ಆಗ ಮುಂದೆ 606, ಹಿಂದೆ 294. ಹಿಂದಿನ ಬ್ರೇಕಿಗೆ ಮಾಡಲು ಉಳಿಯುವ ಕೆಲಸ ಮೂರನೇ ಒಂದು ಪಾಲಿಗಿಂತ ಕಡಿಮೆ.

ಹಿಂದೆ ಬಲ ಹೆಚ್ಚಿಸಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ, ಗಾಡಿ ತಿರುಗಿ ನಿಲ್ಲುತ್ತದೆ. ಮುಂದಿನದು ಮೊದಲು ಲಾಕ್ ಆದರೆ ಸ್ಟಿಯರಿಂಗ್ ಕೇಳುವುದಿಲ್ಲ, ಆದರೆ ಗಾಡಿ ನೇರ ಹೋಗುತ್ತದೆ. ಕಾಲು ಸಡಿಲಿಸಿದರೆ ಹಿಡಿತ ಮರಳುತ್ತದೆ. ಹಿಂದೆ ಡಿಸ್ಕ್ ಹಾಕಲೇಬೇಕೆಂದರೆ ಹಿಂದಿನ ಲೈನಿನಲ್ಲಿ ಒತ್ತಡ ಹೊಂದಿಸುವ ವಾಲ್ವ್ ಇರಲಿ, ಕ್ಯಾಲಿಪರಿನಲ್ಲಿ ಹ್ಯಾಂಡ್ ಬ್ರೇಕ್ ವ್ಯವಸ್ಥೆ ಇರಲಿ. ಚೆನ್ನಾಗಿ ಹೊಂದಿಸಿದ ಹಿಂದಿನ ಡ್ರಮ್ ರಸ್ತೆಗೆ ಸಾಕು ಎಂಬುದು ನನ್ನ ಅಭಿಪ್ರಾಯ.

ಪೆಡಲ್ ಗಟ್ಟಿಯಾಗಲಿ ಎಂದು ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿಸಿದೆ. ಪೆಡಲ್ ಗಟ್ಟಿಯಾಯಿತು, ಬ್ರೇಕ್ ಕಡಿಮೆಯಾಯಿತು!

ಆಗಲೇಬೇಕು. ಅದೇ ಕಾಲಿನ ಬಲವನ್ನು ದೊಡ್ಡ ವಿಸ್ತೀರ್ಣಕ್ಕೆ ಹಂಚಿದರೆ ಒತ್ತಡ ಇಳಿಯುತ್ತದೆ. ಮುಕ್ಕಾಲು ಇಂಚಿನ ಬೋರ್ (ಸಿಲಿಂಡರಿನ ಒಳವ್ಯಾಸ) ತೆಗೆದು 7/8 ಇಂಚಿನದು ಹಾಕಿದರೆ ಒತ್ತಡ ಶೇ. 26ಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಪೆಡಲ್ ಮೇಲೆಯೇ ನಿಲ್ಲುವುದು ಒಳ್ಳೆಯ ಬ್ರೇಕಿನ ಗುರುತಲ್ಲ. ಬೋರ್ ಆರಿಸುವಾಗ ಕ್ಯಾಲಿಪರ್ ಪಿಸ್ಟನ್ನುಗಳ ವಿಸ್ತೀರ್ಣ, ಪೆಡಲಿನ ಅನುಪಾತ (ಅದು ಕಾಲಿನ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ), ಬೂಸ್ಟರ್ ಮೂರನ್ನೂ ಒಟ್ಟಿಗೆ ನೋಡಬೇಕು. ಬೂಸ್ಟರ್ ಇಲ್ಲದ ಗಾಡಿಯಲ್ಲಿ ಪೆಡಲ್ ಅನುಪಾತ ಸಾಮಾನ್ಯವಾಗಿ 5:1ರಿಂದ 6:1, ಇರುವಲ್ಲಿ 4:1ರ ಸುತ್ತ.

ಒಂದೇ ಒಂದು ಬದಲಾವಣೆಗೆ ದುಡ್ಡಿದೆ. ಯಾವುದು ಮಾಡಿಸಲಿ?

ನಿಮ್ಮ ಗಾಡಿ ಒಂದೇ ಸರ್ಕ್ಯೂಟಿನದಾಗಿದ್ದರೆ, ಅದನ್ನು ಎರಡು ಸರ್ಕ್ಯೂಟ್ ಮಾಡಿಸಿ. ಹಳೆಯ ಗಾಡಿಗಳಲ್ಲಿ ಒಂದು ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರಕ್ಕೆ ಒಂದೇ ದಾರಿ. ಎಲ್ಲೋ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅಮೆರಿಕ 1968ರಿಂದ ಹೊಸ ಕಾರುಗಳಿಗೆ ಎರಡು ಭಾಗದ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಇದರಿಂದ ಗಾಡಿ ಒಂದಡಿಯೂ ಮೊದಲು ನಿಲ್ಲುವುದಿಲ್ಲ, ಗೆಳೆಯರಿಗೆ ತೋರಿಸಲು ಹೊಳೆಯುವ ಭಾಗವೂ ಇಲ್ಲ. ಆದರೂ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಜೊತೆಗೆ ಹ್ಯಾಂಡ್ ಬ್ರೇಕನ್ನು ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವಷ್ಟು ಬಿಗಿ ಮಾಡಿಸಿ. ಅದು ನಿಮ್ಮ ಕೊನೆಯ ಆಸರೆ.

ಬೂಸ್ಟರ್ ಹಾಕಿಸಿದೆ, ಕೆಲಸ ಮಾಡುತ್ತಿಲ್ಲ. ಎಂಜಿನ್ನಿಗೆ ಎರಡು ಕಾರ್ಬ್ಯುರೇಟರ್, ಓಟದ ಕ್ಯಾಮ್ ಇದೆ.

ಕಾರಣ ಆ ಕ್ಯಾಮ್, ಅಂದರೆ ಎಂಜಿನ್ ವಾಲ್ವುಗಳನ್ನು ತೆರೆಯುವ ದಂಡ, ಇರಬಹುದು. ವಾಲ್ವುಗಳು ಹೆಚ್ಚು ಹೊತ್ತು ಒಟ್ಟಿಗೆ ತೆರೆದಿರುವ ಕ್ಯಾಮ್ ಹಾಕಿದರೆ ಐಡಲಿನಲ್ಲಿ ಎಂಜಿನ್ನಿನ ವ್ಯಾಕ್ಯೂಮ್ (ಹೀರುವಿಕೆ) ಕುಗ್ಗುತ್ತದೆ, ಬೂಸ್ಟರಿಗೆ ಆಹಾರವೇ ಇಲ್ಲ. ಪರೀಕ್ಷೆ ಸುಲಭ: ಎಂಜಿನ್ ಆರಿಸಿ ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಜೀವಂತ. ಇಳಿಯದಿದ್ದರೆ ಪೈಪ್, ಒಮ್ಮುಖ ವಾಲ್ವ್ ನೋಡಿ. ಅವು ಸರಿಯಿದ್ದರೆ ವ್ಯಾಕ್ಯೂಮ್ ಅಳೆಸಿ.

ತಿರುವುಗಳ ನಂತರ ಮೊದಲ ಒತ್ತಿಗೆ ಪೆಡಲ್ ಆಳಕ್ಕೆ ಹೋಗುತ್ತದೆ, ಎರಡನೆಯದಕ್ಕೆ ಸರಿ. ಬ್ರೇಕ್ ಲೈನಿನ ಏರ್ ಎಷ್ಟು ಸಲ ತೆಗೆದರೂ ಹೋಗುತ್ತಿಲ್ಲ.

ಏರ್ ಇದ್ದರೆ ನೇರ ರಸ್ತೆಯಲ್ಲೂ ಮೆತ್ತಗಿರಬೇಕಿತ್ತು. ಇದು ಚಕ್ರದ ಬೇರಿಂಗ್ ಸಡಿಲ. ತಿರುವಿನಲ್ಲಿ ಡಿಸ್ಕ್ ವಾಲಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಬೇರಿಂಗ್ ಹೊಂದಿಸಿ. ನೇರ ರಸ್ತೆಯಲ್ಲೂ ಮೆತ್ತಗಿದ್ದರೆ ಕ್ಯಾಲಿಪರುಗಳು ಎಡ ಬಲ ಅದಲುಬದಲಾಗಿವೆಯೇ ನೋಡಿ. ಏರ್ ತೆಗೆಯುವ ನಿಪ್ಪಲ್ ಮೇಲ್ತುದಿಯಲ್ಲಿರಬೇಕು. ಕೆಳಗಿದ್ದರೆ ಗಾಳಿ ಎಂದಿಗೂ ಹೊರಬರುವುದಿಲ್ಲ.

ಬ್ರೇಕ್ ಬದಲಿಸಿದರೆ ಆರ್.ಟಿ.ಓ. ತಕರಾರು ಮಾಡುತ್ತಾರೆಯೇ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿನ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸುವಾಗ ತಪಾಸಣೆ ಇರುತ್ತದೆ, ಕಾಲಿನ ಬ್ರೇಕ್ ಮತ್ತು ಹ್ಯಾಂಡ್ ಬ್ರೇಕ್ ಎರಡೂ ಕೆಲಸ ಮಾಡಬೇಕು. ಭಾಗಗಳ ಬಿಲ್ಲು, ಫೋಟೊಗಳನ್ನು ಕಡತ ಮಾಡಿ ಇಡಿ, ಕೆಲಸಕ್ಕೆ ಮೊದಲೇ ಅಧಿಕಾರಿಗಳೊಂದಿಗೆ ಮಾತಾಡಿ, ವಿಮೆಯವರಿಗೂ ತಿಳಿಸಿ.

50 ವರ್ಷ ಮೀರಿದ ಗಾಡಿಯನ್ನು 2021ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸುವವರು ಇನ್ನೂ ಎಚ್ಚರ ವಹಿಸಬೇಕು. ಅಲ್ಲಿ ಮೂಲ ರೂಪಕ್ಕೆ ಬೆಲೆ. ಅಂಥ ಗಾಡಿಯ ಹಳೆಯ ಭಾಗಗಳನ್ನು ಗುಜರಿಗೆ ಕೊಡದೆ ಎಣ್ಣೆ ಸವರಿ ಎತ್ತಿಡಿ.

ಎಲ್ಲ ಹೊಸದು ಹಾಕಿಸಿದ್ದೇನೆ. ಈ ಭಾನುವಾರವೇ ಗೋವಾಕ್ಕೆ ಹೋಗಬಹುದೇ?

ಬೇಡ. ಮೊದಲು ನಿಂತ ಗಾಡಿಯಲ್ಲಿ ಪೆಡಲನ್ನು ಬಲವಾಗಿ ಒಂದು ನಿಮಿಷ ಒತ್ತಿ ಹಿಡಿಯಿರಿ, ಇಳಿಯಬಾರದು. ಇನ್ನೊಬ್ಬರು ಪ್ರತಿ ಜಾಯಿಂಟನ್ನೂ ಬಿಳಿ ಕಾಗದದಿಂದ ಮುಟ್ಟಿ ನೋಡಲಿ. ಆಮೇಲೆ ಸಂಚಾರವಿಲ್ಲದ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 15ಕ್ಕೆ ಮಧ್ಯಮ ಬಲದಲ್ಲಿ ಇಳಿಸುವುದನ್ನು ಎಂಟು ಹತ್ತು ಸಲ ಮಾಡಿ. ಪೂರ್ತಿ ನಿಲ್ಲಿಸಬೇಡಿ, ನಡುವೆ ಸ್ವಲ್ಪ ಓಡಲು ಬಿಡಿ. ಕೊನೆಗೆ ಬ್ರೇಕ್ ಹಾಕದೆ ಕೆಲವು ಕಿ.ಮೀ. ಓಡಿಸಿ ತಣಿಸಿ. ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುವುದು ಹೀಗೆ.

ಮರುದಿನ ತಣ್ಣಗಿರುವಾಗ ಚಕ್ರ ಬಿಚ್ಚಿ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ನೋಡಿ, ಹೋಸ್ ಎಲ್ಲಾದರೂ ಟೈರಿಗೆ ತಾಗುತ್ತಿದೆಯೇ ಎಂದು ಸ್ಟಿಯರಿಂಗನ್ನು ಎರಡೂ ತುದಿಗೆ ತಿರುಗಿಸಿ ನೋಡಿ. ಒಂದು ವಾರ ಊರಲ್ಲಿ ಓಡಿಸಿ, ಆಯಿಲ್ ಮಟ್ಟ ಇಳಿಯದಿದ್ದರೆ ವಂಟಮುರಿಗೆ ಹೋಗಿ ಬನ್ನಿ. ಅಲ್ಲಿ ಪೆಡಲ್ ಏರುಪೇರಾಗದಿದ್ದರೆ ಅದರ ಮುಂದಿನ ಭಾನುವಾರ ಚೋರ್ಲಾ ಇಳಿಯಬಹುದು.